ಗ್ರೂಪ್ ಮುಚ್ಚಿಸಲು ಬಂದ ಮೇಷ್ಟ್ರು

ಸಸ್ಯಶಾಸ್ತ್ರದ ಪ್ರೊಫೆಸರ್ ಹಾಲಪ್ಪನವರು ಕೆಂಡಾಮಂಡಲವಾಗಿದ್ದರು. "ವಾಟ್ಸಾಪಲ್ಲಿ ಪಾಠ ಕಲೀತೀರಾ? ಇವತ್ತೇ ಆ ಗ್ರೂಪ್ ಮುಚ್ಚಬೇಕು!"

ಗ್ರೂಪ್ ನಡೆಸುತ್ತಿದ್ದವಳು ವಿದ್ಯಾರ್ಥಿನಿ ನಾಗವೇಣಿ. ಪರೀಕ್ಷೆ ಬೇರೆ ಹತ್ತಿರ. ಅವಳು ವಿನಯದಿಂದ ಫೋನ್ ಚಾಚಿದಳು.

"ಮುಚ್ತೀನಿ ಸಾರ್. ಆದ್ರೆ ಈ ಎಲೆ ಯಾವ್ದು ಅಂತ ಬೆಳಗ್ಗೆಯಿಂದ ಜಗಳ ನಡೀತಿದೆ. ನೀವೊಂದು ಮಾತು ಹೇಳಿಬಿಟ್ರೆ ಎಲ್ರೂ ತೆಪ್ಪಗಾಗ್ತಾರೆ."

ಫೋಟೋ ನೋಡಿದ್ದೇ ತಡ, ನಾಗವೇಣಿ ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಹಿಡಿದಿದ್ದ ಫೋನಿಗೇ ಹಾಲಪ್ಪನವರು ಗುಡುಗಿದರು. "ಕತ್ತೆಗಳಾ, ಅದು ಹೊಂಗೆ!"

ಟಣ್ ಟಣ್ ಟಣ್! ಕೈಮುಗಿದ ಚಿತ್ರಗಳು, ಹೃದಯಗಳು, 'ಸಾರ್, ಇನ್ನೊಂದು ಡೌಟು'. ಕ್ಲಾಸಿನಲ್ಲಿ ತುಟಿ ಬಿಚ್ಚದ ಹುಡುಗರೆಲ್ಲ ಕೇಳುತ್ತಿದ್ದರು! ಹಾಲಪ್ಪನವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಸಂಜೆ ನಾಗವೇಣಿ ಮೆಲ್ಲಗೆ ಕೇಳಿದಳು, "ಈಗ ಗ್ರೂಪ್ ಮುಚ್ಚಲಾ ಸಾರ್?"

"ಸುಮ್ನಿರಮ್ಮಾ! ಆ ಕೊನೇ ಬೆಂಚಿನ ಗಂಗಾಧರ ನನ್ನ ಉತ್ತರ ಇನ್ನೂ ನೋಡೇ ಇಲ್ಲ. ಅವನಿಗೆ ಇವತ್ತು ಆಬ್ಸೆಂಟು!"