ಗುಂಡುಕಲ್ಲು ಅಳಲಿಲ್ಲ

"ಬುದ್ಧೀ, ಮಗುವಿಗೊಂದು ತಳ್ಳುಗಾಡಿ ಕೊಳ್ಳಬೇಕು. ಒಳ್ಳೆಯ ಗಾಡಿ ಯಾವುದೆಂದು ತಿಳಿಯುವುದು ಹೇಗೆ?"

ಹೀಗೆ ಕೇಳಿದವನು ತಿಪ್ಪೇಶ. ಮಠದ ಪಾಠಶಾಲೆಯಲ್ಲಿ ಮೇಷ್ಟ್ರು, ಸ್ವಾಮಿಗಳ ಶಿಷ್ಯ. ಅವನ ಹೆಂಡತಿ ಬಾಣಂತನ ಮುಗಿಸಿಕೊಂಡು ಮಗುವಿನೊಂದಿಗೆ ತವರಿನಿಂದ ಬಂದಿದ್ದಳು. ಸ್ವಾಮಿಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪ್ರಶ್ನೆ ಕೇಳಿಯೂ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇನೆ. ನೀನು ಕೂಸು ಹುಟ್ಟಿದ ಮೇಲೆ ಹುಡುಕುತ್ತಿದ್ದೀಯೆ, ಅಷ್ಟರ ಮಟ್ಟಿಗೆ ಜಾಣನೇ. ಯಾರನ್ನೆಲ್ಲ ವಿಚಾರಿಸಿದೆ?"

"ಅಂಗಡಿಯವನು ದೊಡ್ಡ ಚಕ್ರದ್ದು ತಗೊಳ್ಳಿ ಅಂದ. ಪಕ್ಕದ ಮನೆಯವರು ಮಡಚುವಂಥದ್ದೇ ಸರಿ ಅಂದರು. ನಮ್ಮ ಭಾವ ಇದೆಲ್ಲ ದಂಡ, ಸೊಂಟ ಇರುವುದು ಯಾತಕ್ಕೆ ಅಂದರು. ಮೊಬೈಲಿನಲ್ಲಿ ನೋಡಿದರೆ ಇನ್ನೂ ನೂರಾರು. ತಲೆ ಕೆಟ್ಟು ಹೋಗಿದೆ, ಬುದ್ಧೀ. ನನ್ನ ಸಂಬಳಕ್ಕೆ ಎರಡನೆಯ ಸಲ ಕೊಳ್ಳುವ ಮಾತಿಲ್ಲ. ಆರಿಸುವುದರಲ್ಲಿ ತಪ್ಪಿದರೆ ಕೂಸಿಗೇ ಕಷ್ಟ."

"ಹಾಗಾದರೆ ಕೂತುಕೋ. ಒಂದು ಹಿಡಿ ನೀನೂ ಸುಲಿ. ಹುಳ ಸಿಕ್ಕಿದರೆ ಆಚೆ ಹಾಕು, ನನ್ನ ಸಾರಿಗೆ ಹಾಕಬೇಡ," ಎಂದು ಹೇಳಿ ಸ್ವಾಮಿಗಳು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಪರೀಕ್ಷೆ ಮಾಡದೆ ಏನನ್ನೂ ಕೊಳ್ಳುವ ಪೈಕಿ ಅಲ್ಲ. ತೆಂಗಿನಕಾಯಿ ಕೊಂಡರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವನು. ಮಡಕೆ ಕೊಂಡರೆ ಬೆರಳು ಮಡಚಿ ತಟ್ಟುವನು. ತನ್ನ ಮದುವೆಯ ದಿನ ತಾಳಿಯನ್ನೂ ಹಲ್ಲಿನಲ್ಲಿ ಕಚ್ಚಿ ನೋಡಿದನೆಂದು ಜನ ಹೇಳುತ್ತಿದ್ದರು. ನಾನಂತೂ ನೋಡಿಲ್ಲಪ್ಪ.

ಅವನ ಹೆಂಡತಿ ಹೂವು ಮಾರುವವಳು. ಹೂವಿನ ಬೀದಿಯಲ್ಲಿ ತಾಯಿ ಕೂರುತ್ತಿದ್ದ ಜಾಗ ಮಗಳಿಗೆ ಬಂದಿತ್ತು. ಅವಳಿಗೆ ಹೆಣ್ಣುಮಗು ಹುಟ್ಟಿದಂದಿನಿಂದ ಆ ಜಾಗ ಖಾಲಿ ಬಿದ್ದಿತ್ತು. ಪಕ್ಕದವಳು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ತನ್ನ ಬುಟ್ಟಿಯನ್ನು ಒಳಗೆ ಸರಿಸುತ್ತಿದ್ದಳು. ಶ್ರಾವಣ ಹತ್ತಿರ ಬಂದಿತ್ತು. ಶ್ರಾವಣಕ್ಕೆ ಹೋಗಿ ಕೂರದಿದ್ದರೆ ಆ ಜಾಗದ ಆಸೆ ಬಿಡಬೇಕು. ಮನೆಯಲ್ಲಿ ಬಿಟ್ಟು ಹೋಗೋಣವೆಂದರೆ ಹಾಲು ಕುಡಿಯುವ ಕೂಸು. ಎತ್ತಿಕೊಂಡು ಕೂತರೆ ಹೂವು ಕಟ್ಟಲು ಕೈಯಿಲ್ಲ.

"ಒಂದು ಗಾಡಿ ಇದ್ದರೆ ಪಕ್ಕದಲ್ಲೇ ಇಟ್ಟುಕೊಂಡು ಹೂವು ಕಟ್ಟುತ್ತೇನೆ," ಎಂದಳು ಹೆಂಡತಿ.

"ಅದನ್ನು ನನಗೆ ಬಿಡು. ಪರೀಕ್ಷೆ ಮಾಡಿಯೇ ತರುತ್ತೇನೆ," ಎಂದ ವ್ಯಾಪಾರಿ.

ಮಾತೇನೋ ಕೊಟ್ಟ. ಪರೀಕ್ಷೆ ಮಾಡುವುದು ಹೇಗೆ? ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಮಗುವಿಗೆ ಹೊಟ್ಟೆನೋವು ಬರುತ್ತದೆ ಎಂದು ಅವನ ಅವ್ವ ಹೇಳಿದ್ದಳು. ತೊಟ್ಟಿಲಿಗೆ ಸಲ್ಲುವ ಮಾತು ಗಾಡಿಗೂ ಸಲ್ಲಬೇಕಷ್ಟೆ. ಮಗುವನ್ನೇ ಒಯ್ಯೋಣವೆಂದರೆ ಬೀದಿಯಲ್ಲಿ ಎಂತೆಂಥವರ ಕಣ್ಣು ಬೀಳುತ್ತದೋ. ಹೀಗೆ ಯೋಚಿಸುತ್ತಿದ್ದವನಿಗೆ ನಾಮಕರಣದ ದಿನ ನೆನಪಾಯಿತು. ಅಂದು ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುತ್ತಾರಲ್ಲ, ಆ ಕಲ್ಲು ಮನೆಯಲ್ಲೇ ಇತ್ತು. ಅದನ್ನು ಹೊರಳಿಸಿ ತೆಗೆದ. ಮಗುವಿನ ಕುಲಾವಿ ತೊಡಿಸಿದ. ದುಪ್ಪಟಿ ಸುತ್ತಿದ. ಎದೆಗವಚಿಕೊಂಡು ಬಡಗಿಯ ಮನೆಗೆ ಹೊರಟ.

ಬಡಗಿಯ ಅಂಗಳದಲ್ಲಿ ಹಲವು ಗಾಡಿಗಳಿದ್ದವು. ವ್ಯಾಪಾರಿ ಒಂದೊಂದರಲ್ಲೂ ಕಲ್ಲನ್ನು ಮಲಗಿಸಿ ಬೀದಿಯಲ್ಲಿ ತಳ್ಳಿದ. ಒಂದು ಗಾಡಿ ಕಲ್ಲಿನ ಭಾರಕ್ಕೆ ಕಿರುಗುಟ್ಟಿತು. ಇನ್ನೊಂದು ಹಗುರ ಗಾಡಿ ಹಳ್ಳಕ್ಕಿಳಿದು ವಾಲಿತು. ಕಲ್ಲು ಉರುಳಿ ಬಿತ್ತು. ಅವನ ಕಾಲ್ಬೆರಳು ಉಳಿದದ್ದು ಪುಣ್ಯ. ಕೊನೆಗೆ ಎಲ್ಲಕ್ಕಿಂತ ದೊಡ್ಡ ಗಾಡಿ ಹಿಡಿದ. ತೇಗದ ಮರ, ಕಣಜದ ಹಾಗೆ ಆಳ, ಮೇಲೆ ಚಪ್ಪರ, ಸುತ್ತ ಹಿತ್ತಾಳೆಯ ಗೆಜ್ಜೆ. ಹಳ್ಳದಲ್ಲಿ ಇಳಿಸಿದ, ದಿಣ್ಣೆ ಹತ್ತಿಸಿದ. ಕಲ್ಲು ಮಿಸುಕಲಿಲ್ಲ. ಬೀದಿಯ ಜನವೆಲ್ಲ ಹಿಂದೆ ಬಂದರು. ಕಣ್ಣು ಮಂಜಾದ ಒಬ್ಬ ಮುದುಕಿ ಗಾಡಿಯೊಳಗೆ ಬಗ್ಗಿ ನೋಡಿ, "ಅಯ್ಯೋ ನನ್ನ ಕಂದಾ, ಥೇಟ್ ಅಪ್ಪನ ಮುಖವೇ," ಎಂದು ಲಟಿಕೆ ಮುರಿದಳು.

ಇಲ್ಲಿ ತಿಪ್ಪೇಶ ಜೋರಾಗಿ ನಕ್ಕ. ಒಂದಷ್ಟು ಅವರೆಕಾಳು ನೆಲಕ್ಕೆ ಚೆಲ್ಲಿದವು.

"ನಗು, ನಗು. ಆದರೆ ಕಾಳು ಆರಿಸು," ಎಂದು ಸ್ವಾಮಿಗಳು ಮುಂದುವರಿಸಿದರು.

ವ್ಯಾಪಾರಿ ಹಿಗ್ಗಿ ಹೀರೇಕಾಯಿಯಾದ. ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಆ ಗಾಡಿಯನ್ನೇ ಕೊಂಡ. ಗೆಜ್ಜೆ ಝಣಗುಡಿಸುತ್ತ ಮನೆಗೆ ತಂದ. ಹೆಂಡತಿ ಆರತಿ ಎತ್ತಿ ಮಗುವನ್ನು ಒಳಗೆ ಮಲಗಿಸಿದಳು. ಮಗು ತಳದಲ್ಲಿ ಮುಳುಗಿತು. ಸುತ್ತ ನೋಡಿದರೆ ಮರ, ಮೇಲೆ ನೋಡಿದರೆ ಚಪ್ಪರ. ಅಮ್ಮನ ಮುಖವೇ ಕಾಣದು. ಕಿಟ್ಟನೆ ಕಿರುಚಿಕೊಂಡಿತು.

ರೂಢಿಯಾದರೆ ಸರಿಹೋಗುತ್ತದೆ ಎಂದು ಗಂಡ ಸಮಾಧಾನ ಹೇಳಿದ. ಬೆಳಿಗ್ಗೆ ಅವಳು ಪೇಟೆಗೆ ಹೊರಟಳು. ಬಾಗಿಲಲ್ಲೇ ತೊಡಕಾಯಿತು. ಅರಿಸಿನ ಹಚ್ಚಿ ಪೂಜೆ ಮಾಡಿದ ಹೊಸ್ತಿಲ ಮೇಲೆ ಚಕ್ರ ಹತ್ತಿಸುವಂತಿಲ್ಲ, ಎತ್ತಿ ದಾಟಿಸಬೇಕು. ಎತ್ತಲು ಗಂಡನ ಜೊತೆಗೆ ಪಕ್ಕದ ಮನೆಯವನೂ ಬರಬೇಕಾಯಿತು. ಬೀದಿಗಿಳಿದ ಮೇಲೆ ಎರಡು ಕೈಯೂ ಗಾಡಿಗೇ ಬೇಕು. ತಲೆಯ ಮೇಲಿನ ಹೂವಿನ ಬುಟ್ಟಿಯನ್ನು ಹಿಡಿಯುವವರು ಯಾರು? ಹೂವಿನ ಬೀದಿ ಇಕ್ಕಟ್ಟು. ಸೇವಂತಿಗೆಯ ರಾಶಿ ಈ ಕಡೆ, ಕನಕಾಂಬರದ ರಾಶಿ ಆ ಕಡೆ, ನಡುವೆ ಗಾಡಿ ಸಿಕ್ಕಿಹಾಕಿಕೊಂಡಿತು. ಹೂವಿನವರೆಲ್ಲ ಬೈದರು. ಮಗು ಗೆಜ್ಜೆಗಿಂತ ಜೋರಾಗಿ ಅತ್ತಿತು. ಅವಳು ತನ್ನ ಜಾಗವನ್ನು ಮುಟ್ಟದೆ ಹಿಂದಕ್ಕೆ ಬಂದಳು. ಬುಟ್ಟಿಯ ಹೂವು ಬುಟ್ಟಿಯಲ್ಲೇ ಬಾಡಿತು.

ಮನೆಗೆ ಬಂದು ಅವಳೂ ಅತ್ತಳು. "ನಮ್ಮವ್ವ ಕೂತ ಜಾಗ ನನ್ನ ಕಾಲಕ್ಕೆ ಹೋಯಿತು," ಎಂದಳು.

ತಪ್ಪು ತನ್ನದೆಂದು ವ್ಯಾಪಾರಿಗೆ ಗೊತ್ತಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಅಷ್ಟೊಂದು ಪರೀಕ್ಷೆ ಮಾಡಿ ತಂದೆ ಕಣೇ. ಗುಂಡುಕಲ್ಲು ಒಂದು ಸಲವೂ ಅಳಲಿಲ್ಲವಲ್ಲ!"

"ಹಾಗಾದರೆ ಆ ಗುಂಡಪ್ಪನನ್ನೇ ಸಾಕಿಕೊಳ್ಳಿ. ಅವನಿಗೆ ಹಾಲೂ ಬೇಡ, ಅವ್ವನೂ ಬೇಡ."

ಮಾರನೆಯ ದಿನ ಅವಳು ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು, ಹೂವಿನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ತಾನೇ ಬಡಗಿಯ ಮನೆಗೆ ಹೋದಳು. ಕಣ್ಣು ಬಿದ್ದರೆ ಬೀಳಲಿ, ಸಂಜೆ ದೃಷ್ಟಿ ತೆಗೆದರಾಯಿತು ಎಂದುಕೊಂಡಳು. ಮರ ಯಾವುದು, ಬೆಲೆ ಎಷ್ಟು ಎಂದು ಕೇಳಲಿಲ್ಲ. ಮಗುವನ್ನು ಒಂದೊಂದು ಗಾಡಿಯಲ್ಲಿ ಮಲಗಿಸಿ ನಾಲ್ಕು ಹೆಜ್ಜೆ ತಳ್ಳಿದಳು. ಒಂದರಲ್ಲಿ ಮಗು ಮುಖ ಕಿವುಚಿತು, ಇನ್ನೊಂದರಲ್ಲಿ ಕೈ ಚಾಚಿ ಅತ್ತಿತು. ಮೂಲೆಯಲ್ಲಿ ಒಂದು ಸಣ್ಣ ಹಳೆಯ ಗಾಡಿ ಇತ್ತು. ಅದರ ತುಂಬ ಮರದ ಹೊಟ್ಟು. ಅವಳು ಹೊಟ್ಟನ್ನು ಸುರಿದು, ಸೆರಗಿನಲ್ಲಿ ಒರೆಸಿ, ಮಗುವನ್ನು ಇಟ್ಟಳು. ಮಗುವಿನ ಮುಖ ತಳ್ಳುವವರ ಕಡೆಗಿತ್ತು. ಅಮ್ಮನನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು, ಕಾಲು ಝಾಡಿಸಿತು. ಅವಳು ಒಂದೇ ಕೈಯಲ್ಲಿ ತಳ್ಳಿದಳು. ಬಡಗಿಯ ಹೊಸ್ತಿಲು ಬಂದಾಗ ಒಬ್ಬಳೇ ಎತ್ತಿ ದಾಟಿಸಿದಳು. ತಲೆಯ ಮೇಲಿನ ಬುಟ್ಟಿ ಅಲುಗಲಿಲ್ಲ.

ಬಡಗಿ ತಲೆ ಕೆರೆದುಕೊಂಡ. "ಅದು ಮಾರುವುದಲ್ಲ, ತಾಯಿ. ನಮ್ಮ ಮಕ್ಕಳು ಸಣ್ಣವರಿದ್ದಾಗ ನಮ್ಮ ಮನೆಯವಳು ಮುಂದೆ ಕೂತು, ಇಷ್ಟೇ ಎತ್ತರ ಇರಲಿ, ಇಷ್ಟೇ ಅಗಲ ಇರಲಿ ಅಂತ ಮಾಡಿಸಿಕೊಂಡದ್ದು."

"ಇಂಥದ್ದೊಂದು ಇದೆ ಅಂತ ನಮ್ಮವರಿಗೆ ಹೇಳಬಾರದಿತ್ತೇ?"

"ಅವರು ಕಲ್ಲಿಗೆ ಗಾಡಿ ಕೇಳಿದರು. ಕಲ್ಲಿಗೆ ತಕ್ಕದ್ದು ಕೊಟ್ಟೆ."

ಅಷ್ಟರಲ್ಲಿ ಬಡಗಿಯ ಹೆಂಡತಿ ಒಳಗಿನಿಂದ ಬಂದಳು. ಮಗುವಿನ ಗಲ್ಲ ಹಿಂಡಿದಳು. "ಒಯ್ಯಮ್ಮ. ಹೊಟ್ಟು ತುಂಬಲು ಈ ಮನೆಯಲ್ಲಿ ಬುಟ್ಟಿಗೇನು ಬರವೇ? ಶ್ರಾವಣದ ಶುಕ್ರವಾರಗಳಲ್ಲಿ ನನ್ನ ದೇವರಿಗೆ ಒಂದು ಮೊಳ ಮಲ್ಲಿಗೆ ಕಳಿಸು, ಸಾಕು," ಎಂದಳು.

ಹೂವಿನವಳು ಅಲ್ಲಿಂದ ನೆಟ್ಟಗೆ ಹೂವಿನ ಬೀದಿಗೆ ಹೋದಳು. ಗಾಡಿ ರಾಶಿಗಳ ನಡುವೆ ಸಲೀಸಾಗಿ ನುಸುಳಿತು. ಪಕ್ಕದವಳು ತನ್ನ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. ಆ ಶ್ರಾವಣದಲ್ಲಿ ಹೂವಿಗೆ ಬಂದವರು ಮಗುವನ್ನು ಮಾತಾಡಿಸಿದರು, ಮಗುವನ್ನು ಮಾತಾಡಿಸಲು ಬಂದವರು ಹೂವನ್ನೂ ಕೊಂಡರು. ದೊಡ್ಡ ಗಾಡಿಯೂ ದಂಡವಾಗಲಿಲ್ಲ. ವ್ಯಾಪಾರಿ ಅದರಲ್ಲಿ ಬೆಲ್ಲದ ಅಚ್ಚು ಹೇರಿಕೊಂಡು ಬೀದಿಬೀದಿ ತಿರುಗಿದ. ಗೆಜ್ಜೆಯ ಸದ್ದು ಕೇಳಿದರೆ ಬೆಲ್ಲ ಬಂತೆಂದು ಜನ ಹೊರಗೆ ಬರುತ್ತಿದ್ದರು. ಬೆಲ್ಲವೂ ಅಳುವ ಪದಾರ್ಥವಲ್ಲ ನೋಡು.

ಕತೆ ಮುಗಿಯಿತು. ತಿಪ್ಪೇಶ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಮಡಿಲಿನ ಸಿಪ್ಪೆ ಕೊಡವಿ ಎದ್ದು ನಿಂತು ಕೈಮುಗಿದ.

"ತಿಳಿಯಿತು, ಬುದ್ಧೀ. ಹಗುರವಾಗಿರಬೇಕು, ಒಂದು ಕೈಗೆ ಬಗ್ಗಬೇಕು, ಮಗುವಿನ ಮುಖ ನಮ್ಮ ಕಡೆಗಿರಬೇಕು. ಪೇಟೆ ಮುಚ್ಚುವುದರೊಳಗೆ ಹೋಗಿ ಅಂಥದ್ದನ್ನೇ ಕೊಂಡುಬಿಡುತ್ತೇನೆ."

ಸ್ವಾಮಿಗಳು ಮೊರವನ್ನು ಪಕ್ಕಕ್ಕಿಟ್ಟು ಅವನನ್ನು ನೋಡಿದರು.

"ಹೆಂಡತಿ ಮಕ್ಕಳಿಲ್ಲದ ನನ್ನನ್ನು ಕೇಳಲು ಬಂದೆಯಲ್ಲ ತಿಪ್ಪೇಶ, ಗಾಡಿ ತಳ್ಳುವವಳನ್ನು ಕೇಳಿದೆಯಾ?"

ತಿಪ್ಪೇಶ ಪೇಟೆಯ ದಾರಿ ಬಿಟ್ಟು ಮನೆಯ ದಾರಿ ಹಿಡಿದ.