ಕೆಳಗೆ ಹೆಸರು ಹಾಕಿದರೆ ಸಾಕಂತೆ

ಸೂಲಗಿತ್ತಿ ಹುಲಿಗೆಮ್ಮ ಬರೆದ ಪುಸ್ತಕವನ್ನು ಊರಿನ ಸಂಘದ ಅಧ್ಯಕ್ಷರು ಹಾಡಹಗಲೇ ಕದಿಯಲು ಹೊರಟರು. ಆ ಕಳ್ಳತನಕ್ಕೆ ಜ್ಞಾನಸೇವೆ ಎಂದು ಹೆಸರಿಟ್ಟರು.

ಅಂತರ್ಜಾಲದ ವಿಶ್ವಕೋಶಕ್ಕೆ ಊರಿನವರೇ ಸೇರಿ ಲೇಖನ ಬರೆಯುವ ಶಿಬಿರ ಅದು. ಅಧ್ಯಕ್ಷ ಚನ್ನಮಲ್ಲಪ್ಪನವರು ಪುಸ್ತಕವನ್ನು ಟೈಪಿಸ್ಟ್ ಶಂಷಾದಳ ಮುಂದೆ ಎಸೆದರು.

"ಬಾಣಂತಿ ಆರೈಕೆಯ ಅಧ್ಯಾಯ ಇಡಿಯಾಗಿ ಹಾಕಮ್ಮ. ಒಂದಕ್ಷರ ಬಿಡಬೇಡ."

"ಹುಲಿಗೆಮ್ಮನ್ನ ಕೇಳಿದ್ರಾ ಸರ್?"

"ಕೇಳೋದೇನು? ಜ್ಞಾನ ಎಲ್ಲರ ಸ್ವತ್ತು. ಕೆಳಗೆ ಅವಳ ಹೆಸರು ಹಾಕು, ಸಾಕು. ಆಗಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಶಂಷಾದ ಪುಸ್ತಕ ತೆರೆದಳು. ಆ ಮುದುಕಿ ಆಯುಷ್ಯವಿಡೀ ಕಂಡು ಕಲಿತದ್ದನ್ನು ಬರೆದಿದ್ದಳು. ಆದರೂ ಶಂಷಾದ "ಆಯ್ತು ಸರ್" ಅಂದಳು. ಸ್ವಲ್ಪ ಹೊತ್ತಿಗೆ ಅಧ್ಯಕ್ಷರನ್ನು ಕರೆದಳು.

"ಸಿದ್ಧ ಸರ್. ಪ್ರಕಟಿಸು ಅನ್ನೋದನ್ನ ಒತ್ತೋದೊಂದೇ ಬಾಕಿ."

ಪರದೆಯ ಮೇಲಿದ್ದದ್ದು ಊರಿನ ಚರಿತ್ರೆ. ಅಧ್ಯಕ್ಷರೇ ಬರೆದು ಅವಳಿಗೆ ಟೈಪಿಗೆ ಕೊಟ್ಟಿದ್ದ, ಇನ್ನೂ ಅಚ್ಚಾಗದ ಪುಸ್ತಕ!

"ಅಯ್ಯಯ್ಯೋ! ಇದು ನಂದು ಕಣಮ್ಮಾ!" ಅವರ ಮುಖ ಬಿಳಿಚಿತು.

"ಕೆಳಗೆ ನಿಮ್ಮ ಹೆಸರು ಹಾಕಿದೀನಲ್ಲ ಸರ್. ಇಲ್ಲಿ ಹಾಕಿದ್ದನ್ನ ಯಾರು ಬೇಕಾದ್ರೂ ತಿದ್ದಬಹುದು, ಅಚ್ಚು ಹಾಕಿ ಮಾರಲೂಬಹುದು. ನಿಮ್ಮನ್ನ ಕೇಳಬೇಕಾಗಿಲ್ಲ. ನಿಯಮ ಹಂಗಿದೆ. ಒತ್ತಲಾ?"

ಅಧ್ಯಕ್ಷರು ಗೋಡೆಯತ್ತ ಹಾರಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತರು. ಶಿಬಿರಕ್ಕೆ ಬಂದವರು ಬಾಯಿ ತೆರೆದು ನಿಂತರು.

"ಹಾಗಾದ್ರೆ ಹುಲಿಗೆಮ್ಮನದು?" ಶಂಷಾದ ಕೇಳಿದಳು.

"ಬೇಡ ತಾಯಿ, ಅದೂ ಬೇಡ!"

ವಿಶ್ವಕೋಶಕ್ಕೆ ಹೊಸದಾಗಿ ಬರೆಯಲು ಕೂತವರೇ, ಪುಸ್ತಕ ಓದಿ, ಮುಚ್ಚಿಡಿ. ನಿಮ್ಮದೇ ಮಾತಿನಲ್ಲಿ ಬರೆಯಿರಿ. ಯಾರಿಂದ ತಿಳಿಯಿತೆಂದು ಹೇಳಿ. ಈಗಾಗಲೇ ಯಾರದನ್ನಾದರೂ ನಕಲು ಮಾಡಿ ಹಾಕಿದ್ದರೆ, ಏಳಿ, ಇವತ್ತೇ ಅಳಿಸಿ.