ಆಕಾಶಲಿಂಗದ ಬಾಯಾರಿಕೆ

ಪೂಜ್ಯ ಮಹಾಂತಮ್ಮ ತಾಯಿಯವರ ಮಠ ಹೊಸಬರ ಕಣ್ಣಿಗೆ ಬೀಳುತ್ತಿರಲಿಲ್ಲ. ಮುಳ್ಳಬೆಂಚಿ ಊರಿನ ಹೊರಗೆ, ಕೆರೆಯ ಏರಿಗೆ ಒರಗಿಕೊಂಡಂತೆ ಒಂದು ತಗಡಿನ ಚಪ್ಪರ. ಅದರ ಕೆಳಗೊಂದು ಗೋಣಿತಟ್ಟು. ಗೋಣಿತಟ್ಟಿನ ಮೇಲೆ ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತ ಕುಳಿತ ತಾಯಿಯವರು. ಮಠವೆಂದರೆ ಅಷ್ಟೇ. ಭಕ್ತರು ಕಲ್ಲಿನ ಕಟ್ಟಡ ಕಟ್ಟಿಸುತ್ತೇವೆಂದು ಮುಂದೆ ಬಂದಾಗಲೆಲ್ಲ, "ಕಟ್ಟಿದ ಮ್ಯಾಲೆ ದಿನಾ ಕಸ ಹೊಡಿಯೋರು ಯಾರು, ನೀವಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಹೆದರಿ ಎಷ್ಟೋ ಜನ ದಾನಿಗಳು ಊರ ದಾರಿ ಹಿಡಿದದ್ದುಂಟು.

ರೇಡಿಯೊ ಎಂಬುದು ಊರ ಗೌಡರ ಮನೆಯಲ್ಲಷ್ಟೇ ಇದ್ದ ಕಾಲ. ಶಿವರಾತ್ರಿ ಕಳೆದು ಜೋಳದ ರಾಶಿ ನಡೆಯುತ್ತಿದ್ದ ಒಂದು ಮಧ್ಯಾಹ್ನ, ಮೋಡದ ಚೂರೂ ಇಲ್ಲದ ಆಕಾಶ ಗುಡುಗಿತು. ಕಣದಲ್ಲಿ ಜೋಳ ತೂರುತ್ತಿದ್ದ ಕಾಶವ್ವ ಎಂಬ ಹೆಂಗಸು, ಗಂಟಲು ಒಣಗಿತೆಂದು ಮೊರ ಕೆಳಗಿಟ್ಟು ಬೇವಿನ ಮರದಡಿಯ ಕೊಡದತ್ತ ಹೋಗಿದ್ದಳು. ತಂಬಿಗೆ ಇನ್ನೂ ಬಾಯಿಗೆ ತಾಗಿರಲಿಲ್ಲ, ಹಿಂದೆ ಏನೋ ಧಡ್ಡೆಂದಿತು. ತಿರುಗಿ ನೋಡಿದರೆ ಮೊರ ಇದ್ದಲ್ಲಿ ಮೊರವಿಲ್ಲ. ನೆಲದಲ್ಲೊಂದು ಗುಂಡಿ, ಗುಂಡಿಯಲ್ಲಿ ಸಣ್ಣ ಕುಂಬಳಕಾಯಿ ಗಾತ್ರದ ಕರಿಕಲ್ಲು. ಹೊತ್ತಿದ ರೊಟ್ಟಿಯಂತೆ ಕಪ್ಪು, ಮೈತುಂಬ ನಾದಿದ ಹಿಟ್ಟಿನಲ್ಲಿ ಹೆಬ್ಬೆರಳು ಒತ್ತಿದಂಥ ಗುಳಿಗಳು. ಒಂದು ಮೂಲೆ ಮಾತ್ರ ನೆಲಕ್ಕೆ ಬಡಿದು ಸಿಡಿದಿತ್ತು.

ಶಿವನ ಬೆರಳಿನ ಗುರುತೆಂದು ಊರು ನಿಶ್ಚಯಿಸಿತು. ಬಾಜಾ ಬಜಂತ್ರಿಯೊಂದಿಗೆ ಬಂಡಿಯಲ್ಲಿ ತಂದು, ತಾಯಿಯವರ ಚಪ್ಪರದ ಪಕ್ಕದಲ್ಲಿ ಕಟ್ಟೆ ಕಟ್ಟಿ ಕೂಡಿಸಿ, ಆಕಾಶಲಿಂಗವೆಂದು ಹೆಸರಿಟ್ಟಿತು. ತಾಯಿಯವರು ಕೈಮುಗಿದರು. "ಎಲ್ಲಿಂದ ಬಂದದ್ದು ಅಂತ ತಿಳೀದ ನಾ ಏನ್ ಹೇಳ್ಲಿ?" ಎಂದು ಮತ್ತೆ ಸೂಜಿ ಹಿಡಿದರು.

ಕಾಶವ್ವ ದಿನಾ ಬೆಳಿಗ್ಗೆ ಕೊಡ ಹೊತ್ತು ಬಂದು ಲಿಂಗಕ್ಕೆ ನೀರು ಹೊಯ್ಯತೊಡಗಿದಳು. ಅವಳ ಹಿಂದೆ ಊರೂ ಬಂತು. ಹಾಲು, ಮೊಸರು, ಎಳನೀರು. ಕೆಲವು ದಿನ ಕಳೆಯುವುದರೊಳಗೆ ಪವಾಡವೇ ನಡೆಯಿತು: ಮೇಲೆ ಹೊಯ್ದದ್ದು ತಿಳಿನೀರು, ಕೆಳಗೆ ಇಳಿದದ್ದು ಕೆಂಪುನೀರು! ಕುಂಕುಮ ಹಚ್ಚಿದವರು ಯಾರೂ ಇಲ್ಲ. ಸುದ್ದಿ ಹಬ್ಬಿ, ಕೊಡಗಳ ಸಾಲು ಊರಿನ ತನಕ ಬೆಳೆಯಿತು. ಕೆಂಪು ಹೆಚ್ಚಿದಷ್ಟೂ ನೀರು ಹೆಚ್ಚಿತು, ನೀರು ಹೆಚ್ಚಿದಷ್ಟೂ ಕೆಂಪು ಹೆಚ್ಚಿತು.

ಈ ಸುದ್ದಿಯನ್ನು ಪತ್ರಿಕೆಯ ಮೂಲೆಯಲ್ಲಿ ಓದಿ, ಜಿಲ್ಲಾಸ್ಥಳದ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದ ಮಾಧವರಾವ್ ಇನಾಂದಾರರು ಸಿಕ್ಕ ಬಸ್ಸು ಹತ್ತಿ ಬಂದರು. ದೇವರಿಗೂ ಅವರಿಗೂ ಮಾತುಕತೆ ನಿಂತು ಬಹಳ ಕಾಲವಾಗಿತ್ತು. ಮಠಗಳೆಂದರೆ ಮೂಗು ತಾನಾಗಿ ಮುರಿಯುತ್ತಿತ್ತು. ಆದರೆ ಉಲ್ಕಾಶಿಲೆ ಎಂದರೆ ಮಾತು ಬೇರೆ. ವರ್ಷ ವರ್ಷವೂ ಪುಸ್ತಕದ ಚಿತ್ರ ತೋರಿಸಿ ಪಾಠ ಹೇಳಿದ್ದರು. ಗಾಜಿನ ಪೆಟ್ಟಿಗೆಯಾಚೆ ಒಂದೆರಡು ಕಂಡಿದ್ದರು. ಕೈಯಲ್ಲಿ ಹಿಡಿದಿರಲಿಲ್ಲ. ತಲೆ ನರೆಯುವ ಹೊತ್ತಿಗೆ, ಮನೆಯಂಗಳಕ್ಕೇ ಎಂಬಂತೆ, ಆಕಾಶ ಒಂದನ್ನು ಕಳಿಸಿತ್ತು.

ಕಟ್ಟೆಯ ಬಳಿ ಬಂದವರೇ ಆ ಕೆಂಪುನೀರು ನೋಡಿದರು.

"ನಿಲ್ಲಿಸ್ರೀ! ಏನ್ ಮಾಡ್ಲಿಕ್ಹತ್ತೀರಿ ನೀವು? ಅದು ಜಂಗು, ತುಕ್ಕು! ಕಲ್ಲಿನೊಳಗ ಕಬ್ಬಿಣ ಅದ, ನೀರು ಬಿದ್ದು ಜಂಗು ಹಿಡದದ!"

ಸಾಲು ನಗತೊಡಗಿತು. ಊರ ಗೌಡರಾದ ಸಂಗನಗೌಡರು ಮೀಸೆ ಸವರಿದರು. "ಕೇಳಿದ್ರೇನ್ರಪಾ? ಲಿಂಗಕ್ಕ ಜಂಗು ಹಿಡದೈತಂತ. ಸಾಹೇಬ್ರ, ಬಿಸಲಾಗ ನಡಕೊಂತ ಬಂದೀರಿ, ನಿಮ್ಮ ತಲಿಗೇನರ ಹಿಡದೈತಿ ನೋಡ್ಕೋರಿ."

"ನನ್ನ ತಲಿ ಇರ್ಲಿ. ಹಿಂಗ ಹೊಯ್ಕೋತ ಹೋದ್ರ ಪದರ ಪದರ ಉದುರ್ತದ. ನಿಮ್ಮ ಮೊಮ್ಮಕ್ಕಳು ಕೈ ಮುಗೀಲಿಕ್ಕೆ ಒಂದು ಬುಟ್ಟಿ ಕೆಂಪು ಮಣ್ಣು ಉಳೀತದ, ಅಷ್ಟ!"

ನಗೆ ಅಲ್ಲಿಗೇ ನಿಂತಿತು. ಯಾರೋ ಇನಾಂದಾರರ ತೋಳು ಹಿಡಿದರು. ಕಾಶವ್ವನಂತೂ ಕೊಡವನ್ನು ಮಗುವಿನಂತೆ ಅವುಚಿಕೊಂಡು, "ನನ್ನ ಜೀವಾ ಉಳಿಸಿದ ದೇವ್ರಿಗೆ ನೀರ್ ಹೊಯ್ಬ್ಯಾಡ ಅನ್ನಾಕ ಇಂವ ಯಾರು?" ಎಂದು ಮುಂದೆ ಬಂದು, ಎಲ್ಲರೂ ನೋಡುತ್ತಿದ್ದಂತೆ ಕೊಡ ಬಗ್ಗಿಸಿದಳು.

ನೀರು ಕಲ್ಲನ್ನು ಮುಟ್ಟಲಿಲ್ಲ. ನಡುವೆ ಒಂದು ಅಂಗೈ ಬಂದಿತ್ತು. ತಾಯಿಯವರು ಯಾವಾಗ ಎದ್ದರೋ ಯಾರೂ ಕಂಡಿರಲಿಲ್ಲ. ಧಾರೆ ಅವರ ಕೈಮೇಲೆ ಬಿದ್ದು, ಮೊಣಕೈಗುಂಟ ಹರಿದು, ನೆಲಕ್ಕಿಳಿಯಿತು.

"ಸಾಕು, ಕಾಶವ್ವಾ," ಎಂದರು. "ಬಾಯಾರಿದ್ದು ನಮಗ. ಅದಕ್ಕಲ್ಲ."

ಕೊಡ ತಾನಾಗಿ ನೆಟ್ಟಗಾಯಿತು. ತೋಳು ಹಿಡಿದಿದ್ದ ಕೈಯೂ ಸಡಿಲವಾಯಿತು. ತಾಯಿಯವರು ಸೆರಗಿನಿಂದ ಕಲ್ಲನ್ನು, ತಲೆಗೆ ನೀರೆರೆಸಿಕೊಂಡ ಮಗುವನ್ನು ಒರೆಸುವಂತೆ, ಗುಳಿಗುಳಿಯನ್ನೂ ಒತ್ತಿ ಒರೆಸಿದರು. ಬಿಳಿಯ ಸೆರಗು ಕೆಂಪಾಯಿತು. ಆಮೇಲೆ ಇನಾಂದಾರರತ್ತ ತಿರುಗಿದರು.

"ಇದು ಎಲ್ಲಿಂದ ಬಂತು, ತಮ್ಮಾ?"

ಇನಾಂದಾರರಿಗೆ ಉತ್ತರ ಬಾಯಿಪಾಠವಾಗಿತ್ತು. ಹೇಳತೊಡಗಿದಾಗ ಮಾತ್ರ ದನಿ ತರಗತಿಯದಾಗಿ ಉಳಿಯಲಿಲ್ಲ. "ಭೂಮಿ ಒಂದು ಉಂಡಿ ಆಗೋಕಿಂತ ಮೊದಲಿಂದು, ತಾಯಿ. ನಾನೂರೈವತ್ತು ಕೋಟಿ ವರ್ಷ. ಆಗ ಈ ಕೆರಿ ಇಲ್ಲ, ಸಮುದ್ರ ಇಲ್ಲ, ಚಂದ್ರ ಸುದ್ಧಾ ಇಲ್ಲ. ಸೂರ್ಯ ಆಗಷ್ಟ ಹೊತ್ತಲಿಕ್ಹತ್ತಿದ್ದ. ಅವನ ಸುತ್ತ ಬರೀ ಧೂಳು. ಆ ಧೂಳು ಅಲ್ಲಲ್ಲಿ ಕಾದು ಕರಗಿ ಹನಿ ಆತು, ಹನಿ ಆರಿ ಕಾಳು ಆತು, ಕಾಳು ಕೂಡಿ ಈ ಕಲ್ಲು. ಆವಾಗಿಂದ ಗಾಳಿ ಇಲ್ಲದಲ್ಲಿ, ಸಪ್ಪಳ ಇಲ್ಲದಲ್ಲಿ, ಒಂದ ಸವನ ತಿರಗ್ಲಿಕ್ಹತ್ತದ. ಬರೂ ಮುಂದ ಗಾಳಿಗೆ ತಿಕ್ಕಿ ಅರ್ಧಕ್ಕರ್ಧ ಸುಟ್ಟು ಹೋಗಿರ್ತದ. ಇನ್ನಷ್ಟು ದೊಡ್ಡದಿದ್ದಿದ್ರ ಕಣ ಅಲ್ಲ, ಊರೇ ಉಳೀತಿದ್ದಿಲ್ಲ."

ಸಂಗನಗೌಡರ ಕೈ ಮೀಸೆಯ ಮೇಲೆಯೇ ಉಳಿದಿತ್ತು.

ಕಾಶವ್ವ ಮೆಲ್ಲಗೆ ಕೇಳಿದಳು, "ಅಷ್ಟು ದೂರದಿಂದ ಬಂದಿದ್ದು... ನಾ ನೀರು ಕುಡಿಯಾಕ ಹೋದಾಗನ ಯಾಕ ಬಿತ್ರೀ? ಗಳಿಗಿ ಮುಂಚೆ ಯಾಕ ಬೀಳಲಿಲ್ಲ? ನೀವು ಕಲ್ತೋರು, ಹೇಳ್ರಿ."

ಆಕಸ್ಮಿಕ ಎಂಬ ಮಾತು ಇನಾಂದಾರರ ನಾಲಗೆಯ ತುದಿಯಲ್ಲಿತ್ತು. ತಪ್ಪು ಮಾತೇನೂ ಅಲ್ಲ. ಆದರೆ ಒಂದು ಕಡೆ ಕೋಟಿ ಕೋಟಿ ವರ್ಷಗಳ ಪಯಣ, ಇನ್ನೊಂದು ಕಡೆ ಒಬ್ಬ ಹೆಂಗಸಿನ ಗಂಟಲು ಒಣಗಿದ ಒಂದು ಗಳಿಗೆ. ಎರಡೂ ಒಂದೇ ಕಣದ ಅಂಚಿನಲ್ಲಿ ಒಂದನ್ನೊಂದು ಸವರಿಕೊಂಡು ಹೋಗಿದ್ದವು. ಆ ಮಾತನ್ನು ಹೊದಿಸಿದರೆ ಇಷ್ಟನ್ನು ಮುಚ್ಚಲು ಸಾಲುತ್ತದೆಯೇ ಎಂದು ಅವರಿಗೇ ಅನುಮಾನ ಬಂತು.

ತಾಯಿಯವರು ಇನಾಂದಾರರ ಕೊರಳಲ್ಲಿ ದಾರಕ್ಕೆ ಕಟ್ಟಿ ತೂಗಿಬಿಟ್ಟಿದ್ದ ಭೂತಗನ್ನಡಿಯನ್ನು ಕೇಳಿ ಪಡೆದರು. ಸಿಡಿದ ಮೂಲೆಯಲ್ಲಿ ಕಲ್ಲಿನ ಒಳಮೈ ಕಾಣುತ್ತಿತ್ತು. ಅದರ ಮೇಲೆ ಬಾಗಿ, ಕಣ್ಣಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖವನ್ನು ಹಾಗೆ ಕಂಡದ್ದಿಲ್ಲ ಎಂದು ಅಲ್ಲಿದ್ದ ಹಿರಿಯರು ಮುಂದೆ ಎಷ್ಟೋ ವರ್ಷ ಹೇಳುತ್ತಿದ್ದರು. ತವರಿನಿಂದ ಬಂದವರನ್ನು ಅಂಗಳದಲ್ಲಿ ಕಂಡ ಸೊಸೆಯ ಮುಖದ ಹಾಗೆ ಇತ್ತಂತೆ.

"ಅಲ್ಲಿ ಸಣ್ಣ ಗುಂಡುಗುಂಡು ಕಾಣ್ತಾವಲ್ಲ," ಇನಾಂದಾರರು ಪಕ್ಕದಿಂದ ವಿವರಿಸತೊಡಗಿದರು, "ಅವಕ್ಕ ಕಾಂಡ್ರೂಲ್ ಅಂತಾರ. ಅವುಗಳೊಳಗ ಮೂರು ಪ್ರಕಾರ..."

"ಹೆಸರು ಆಮ್ಯಾಲೆ," ತಾಯಿಯವರು ಗಾಜನ್ನು ಅವರ ಕೈಗಿಟ್ಟರು. "ನೀ ನೋಡಿದಿಯೇನು?"

ಹೌದು ಎನ್ನಲು ತೆರೆದ ಬಾಯಿಯನ್ನು ಇನಾಂದಾರರು ಮುಚ್ಚಿಕೊಂಡರು. ಬಂದಾಗಿನಿಂದ ಕೂಗಿದ್ದರು, ವಾದಿಸಿದ್ದರು, ಪಾಠ ಹೇಳಿದ್ದರು. ನೋಡಿರಲಿಲ್ಲ.

ಮೊಣಕಾಲೂರಿ ಬಾಗಿದರು. ಗಾಜಿನೊಳಗೆ ಮೊದಲು ಬೂದುಬಣ್ಣ, ಆಮೇಲೆ ಅದರಲ್ಲಿ ಹುದುಗಿದ ಹನಿಗಳು: ಸಾಸಿವೆಗಿಂತ ಸಣ್ಣವು, ಹಸಿರು, ಜೇನುಬಣ್ಣ, ಹಾಲುಬಿಳಿ. ನಡುನಡುವೆ ಲೋಹದ ಕಣಗಳು ಮಧ್ಯಾಹ್ನದ ಬಿಸಿಲಿಗೆ ಮಿನುಗುತ್ತಿದ್ದವು. ಆ ಹನಿಗಳು ಕರಗಿ ಹೊಳೆದಾಗ ಅವುಗಳನ್ನು ನೋಡಲು ಎಲ್ಲಿಯೂ ಒಂದು ಕಣ್ಣಿರಲಿಲ್ಲ. ಮೊದಲ ಬೆಳಕು ಬಿದ್ದ ಹನಿಗಳು, ಇಷ್ಟು ಕಾಲ ಕತ್ತಲಲ್ಲಿದ್ದು, ಈಗ ಈ ಕೆರೆಯ ಏರಿಯ ಮೇಲೆ, ಅದೇ ಸೂರ್ಯನಿಗೆ ಮತ್ತೆ ಮೈಯೊಡ್ಡಿದ್ದವು. ನೋಡುತ್ತಿರುವ ತಮ್ಮ ಕಣ್ಣೂ, ಕಣ್ಣಿನ ನೀರಿನ ಉಪ್ಪೂ ಅದೇ ಧೂಳಿನಿಂದ ಬಂದದ್ದಲ್ಲವೇ? ಇದನ್ನೂ ಅವರು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದಿದ್ದರು. ಬರೆದು, ಅಳಿಸಿ, ಗಂಟೆ ಹೊಡೆದ ಕೂಡಲೇ ಚಹಾಕ್ಕೆ ಹೋಗಿದ್ದರು.

ಗಾಜು ಮಂಜಾಯಿತು. ಒರೆಸಿದರು, ಮತ್ತೆ ಮಂಜಾಯಿತು.

"ಎಲ್ಲಾರೂ ನೋಡ್ರಿ," ತಾಯಿಯವರು ಸಾಲಿನತ್ತ ಹೇಳಿದರು. ಕೊಡಗಳು ಕೆಳಗಿಳಿದವು. ಒಬ್ಬೊಬ್ಬರಾಗಿ ಬಂದರು, ಇನಾಂದಾರರು ಪ್ರತಿಯೊಬ್ಬರ ಕಣ್ಣಿನೆದುರು ಗಾಜು ಹಿಡಿದು, ಬೆಳಕಿಗೆ ಸರಿಯಾಗಿ ತಿರುಗಿಸಿ, "ಇನ್ನೊಂಚೂರು ಬಾಗ್ರಿ" ಎನ್ನುತ್ತ ನಿಂತರು. ಯಾವ ಗುಡಿಯ ಪೂಜಾರಿಯನ್ನು ಕಂಡರೂ ಮುಖ ತಿರುಗಿಸುತ್ತಿದ್ದ ಮನುಷ್ಯ ಹೊತ್ತು ಇಳಿಯುವವರೆಗೆ ಆ ಕೆಲಸ ಮಾಡಿದರು. ಸಂಗನಗೌಡರು ನೋಡಿ ಎದ್ದಾಗ ಅವರಿಂದ ಹೊರಟದ್ದು, "ಅಬಬಬಾ!" ಎಂಬ ಒಂದೇ ಉದ್ಗಾರ.

ಕೊನೆಗೆ ಕಲ್ಲು ಯಾರದೆಂಬ ಮಾತು ಬಂತು. ಇದನ್ನು ಒಣಗಿಸಿಡಬೇಕು, ಮಳೆಗಾಲದ ಥಂಡಿ ತಾಗಬಾರದು. ಅದಕ್ಕೆ ತಮ್ಮ ಕಾಲೇಜಿನಲ್ಲಿ ಅನುಕೂಲವಿದೆ ಎಂದರು ಇನಾಂದಾರರು. ಬಂದಾಗ ಹಕ್ಕಿನಿಂದ ಕೇಳಬೇಕೆಂದಿದ್ದವರು ಈಗ ಬೇಡುವವರ ದನಿಯಲ್ಲಿ ಕೇಳಿದರು. ಊರವರು ತಾಯಿಯವರತ್ತ ನೋಡಿದರು. ತಾಯಿಯವರು ಕಾಶವ್ವನತ್ತ ನೋಡಿ, "ಬಂದದ್ದು ನಿನ್ನ ಕಣಕ್ಕ. ನೀ ಹೇಳಬೇಕು," ಎಂದರು.

ಕಾಶವ್ವ ಕಲ್ಲಿನ ಮೇಲೆ ಕೈಯಿಟ್ಟು ನಿಂತಳು. "ಕೊಟ್ರ ನನಗೇನ್ ಉಳೀತೈತ್ರೀ, ಅವ್ವಾರ?"

"ನೀ ಉಳದಿ," ಎಂದರು ತಾಯಿಯವರು.

ಕಾಶವ್ವ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಒಯ್ಯಿರಿ ಸಾಹೇಬ್ರ," ಎಂದಳು. "ಕಪಾಟಿನ್ಯಾಗ ಇಟ್ಟು ಕೀಲಿ ಹಾಕೀರಂದ್ರ ಮಾತ್ರ ನಾ ಬಂದು ನಿಮ್ಮ ಸಾಲಿ ಬಾಗಲದಾಗ ಕುಂದರತೀನಿ. ಬಂದೋರಿಗೆಲ್ಲಾ ತೋರಸ್ರಿ."

ಇನಾಂದಾರರು ಮಾತು ಕೊಟ್ಟರು. ಬದುಕಿರುವ ತನಕ ನಡೆಸಿಯೂ ಕೊಟ್ಟರು. ತಾಯಿಯವರ ಪಾದಕ್ಕೆ ಬಾಗಲು ಹೋದಾಗ ಅವರು ಭುಜ ಹಿಡಿದು ತಡೆದು, ನಗುತ್ತ, "ಬಸ್ಸು ತಪ್ಪೀತು," ಎಂದಷ್ಟೇ ಹರಸಿದರು.

ಸಂಜೆಯ ಬಸ್ಸು ಕಿಕ್ಕಿರಿದಿತ್ತು. ಒಣಬಟ್ಟೆಯಲ್ಲಿ ಸುತ್ತಿದ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಕುಲುಕಿದಾಗಲೆಲ್ಲ ಎರಡೂ ಕೈಯಿಂದ ತಬ್ಬಿಕೊಳ್ಳುತ್ತ ಕುಳಿತಿದ್ದವರನ್ನು ಪಕ್ಕದ ರುಮಾಲಿನ ಮುದುಕ ಬಹಳ ಹೊತ್ತು ಗಮನಿಸಿದ. "ಸೀಟಿನ ಕೆಳಗ ಇಡ್ರಲಾ," ಎಂದ. ಇನಾಂದಾರರು ತಲೆಯಾಡಿಸಿದರು. ಮುದುಕ ಬಾಗಿ, ದನಿ ತಗ್ಗಿಸಿ ಕೇಳಿದ: "ದೇವ್ರೇನ್ರೀ?"

ಆ ಪ್ರಶ್ನೆಗೆ ಇನಾಂದಾರರ ಬಳಿ ಹರೆಯದಿಂದಲೂ ಒಂದು ಚೂಪಾದ ಉತ್ತರವಿತ್ತು. ಈಗ ಹುಡುಕಿದರು, ಸಿಗಲಿಲ್ಲ. ಸಿಗದೇ ಹೋದದ್ದಕ್ಕೆ ಬೇಸರವೂ ಆಗಲಿಲ್ಲ.

"ಗೊತ್ತಿಲ್ರಿ, ಅಜ್ಜಾ," ಎಂದರು. ಬಟ್ಟೆಯ ಗಂಟು ಬಿಚ್ಚಿ, ಕಿಟಕಿಯಿಂದ ಬರುತ್ತಿದ್ದ ಇಳಿಬಿಸಿಲಿಗೆ ಕಲ್ಲಿನ ಸಿಡಿದ ಮೂಲೆಯನ್ನು ತಿರುಗಿಸಿ, ಕೊರಳಿನಿಂದ ಗಾಜು ತೆಗೆದು ಮುದುಕನ ಕೈಗೆ ಕೊಟ್ಟರು. "ನೋಡ್ರಿ."